ಮಾವ ಇಲ್ಲದ ಮನೆಗೆ ಮೂಲಾ

ನಿಂತವು, ಓಣಿಯ ಮಗ್ಗಗಳೆಲ್ಲ ಒಂದೇ ಏಟಿಗೆ ನಿಂತವು, ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುವ ಊರು ಈ ಇಚಲಕರಂಜಿ, ಹಗಲೂ ರಾತ್ರಿ ಖಟಾಖಟಾ ಬಡಿಯುವ ಸದ್ದು ಒಮ್ಮೆಗೇ ಸತ್ತರೆ ಮಲಗಿದ ಮಕ್ಕಳೂ ಬೆಚ್ಚಿ ಏಳುತ್ತವೆ, ಮೋನಾಲಿ ಏಳಲಿಲ್ಲ, ಬಾಗಿಲ ಮೆಟ್ಟಿಲ ಮೇಲೆ ಕೂತ ಸಪನಾಳ ತೊಡೆಯಲ್ಲಿ ಬಾಯಿ ತೆರೆದು ಬಿದ್ದಿದೆ ಕೂಸು, ಅದಕ್ಕೇನು ಗೊತ್ತು ಬೆಳಗಾದರೆ ಗಡಹಿಂಗ್ಲಜದ ಬಸ್ಸು ಹತ್ತಬೇಕು, ಅಲ್ಲಿಂದ ಹಲಕರ್ಣಿಗೆ, ಅಜ್ಜನ ಮನೆಗೆ, ಗಂಟುಮೂಟೆ ಸಮೇತ — ಹೇಳಿ ಹೋಗಿದ್ದಾನಲ್ಲ ಯುವರಾಜ, ಕಟ್ಟಿಕೊಂಡ ಗಂಡ, ನೀ ಸ್ವಲ್ಪ ದಿವಸ ತವರಮನಿಗೆ ಹೋಗಿರು ಸಪನಾ, ಅಪ್ಪಾಗ ಆರಾಮ ಆಗೂತನಕ, ಅಂದ, ಆರಾಮ ಆಗುವ ತನಕವೋ ಸಾಯುವ ತನಕವೋ ಅದನ್ನೂ ಬಿಡಿಸಿ ಹೇಳು ಅಂದರೆ ಚಪ್ಪಲಿ ಮೆಟ್ಟಿಕೊಂಡು ಪಾಳಿಗೆ ಹೋದ, ಹೇಡಿ, ಹೇಡಿಯ ಮಗ ಹೇಡಿ. ಬೆನ್ನ ಹಿಂದೆ ಒಳಕೋಣೆಯಲ್ಲಿ ಆ ಅಪ್ಪ ಕೆಮ್ಮುತ್ತಿದ್ದಾನೆ, ಮಾಯಪ್ಪ, ಅವಳ ಮಾವ, ಕೆಮ್ಮಿದಾಗೆಲ್ಲ ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬರುತ್ತದೆ, ಅವನು ಬಂದಾಗಿನಿಂದ ಅವಳ ಕಣ್ಣು ಹೋಗುವುದೇ ಆ ಗಂಟಿಗೆ, ಮುಖ ಹೇಗಿದೆ ಅಂತ ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ.

ಕರೆಂಟು ಇರುವಾಗ ಈ ಊರಿಗೆ ಆಕಾಶವೇ ಇಲ್ಲ, ಹೋದಾಗ ಮಾತ್ರ ಕರೆಯದಿದ್ದರೂ ಬರುತ್ತದೆ, ಶ್ರಾವಣದ ಮೋಡ ಹರಿದಿದೆ, ಎದುರಿನ ಕಾರಖಾನೆಯ ತಗಡಿನ ಮೇಲೆ ದಕ್ಷಿಣಕ್ಕೆ ಅದೇ ಚೇಳು, ಬಂದೆಯಾ, ಬಾ, ನೀನೊಂದು ಕಡಿಮೆ ಇದ್ದೆ — ಎದೆಯಲ್ಲಿ ಕೆಂಪು ಚುಕ್ಕಿ, ಅದು ಜ್ಯೇಷ್ಠಾ, ಅಲ್ಲಿಂದ ಕೆಳಗಿಳಿದು ಸುತ್ತಿಕೊಂಡ ಬಾಲ, ತುದಿಯಲ್ಲಿ ಅಂಟಿಕೊಂಡಂತಿರುವ ಎರಡು ಚುಕ್ಕಿ, ಕೊಂಡಿ, ಅದೇ ಮೂಲಾ, ಅವಳು ಹುಟ್ಟಿದ ನಕ್ಷತ್ರ, ಅದೇ ಅವಳು. ಮೊದಲು ತೋರಿಸಿದವನು ಅವಳ ಅಪ್ಪ ರಾಮಲಿಂಗ, ಹಲಕರ್ಣಿಯಲ್ಲಿ ಕಬ್ಬಿಗೆ ನೀರು ಬಿಡಲು ಹೋದಾಗ ಹೆಗಲ ಮೇಲೆ ಕೂರಿಸಿಕೊಂಡು, ಅಲ್ಲಿ ನೋಡವ್ವಾ, ಅದು ನಿನ್ನ ಚುಕ್ಕಿ, ಎಷ್ಟ ಚಂದ ಐತಿ ನೋಡು, ಅಂದ, ಅವ್ವ ಹಿಂದಿನಿಂದ ಬಂದು ಅವನ ರಟ್ಟೆಗೆ ಹೊಡೆದಳು, ಕೂಸಿಗಿ ಅದನ್ಯಾಕ ತೋರಸ್ತಿ, ನಿನಗ ಬುದ್ಧಿ ಐತೇನ — ಚಂದದ ವಸ್ತು ತೋರಿಸಿದ್ದಕ್ಕೆ ಅಪ್ಪ ಯಾಕೆ ಹೊಡೆತ ತಿಂದ ಅಂತ ಆವತ್ತು ತಿಳಿಯಲಿಲ್ಲ. ಗಡಹಿಂಗ್ಲಜದ ಶಾಲೆಯಲ್ಲಿ ಶ್ರೀಪಾಲ ಸರ್ ಕರಿಹಲಗೆಯ ಮೇಲೆ ಅದನ್ನೇ ಬರೆದರು, ನಮಗೆ ಚೇಳು, ಸಮುದ್ರದಾಚೆ ಮೀನು ಹಿಡಿಯುವವರಿಗೆ ಇದು ಗಾಳ, ಹಳೆಯ ಪಂಡಿತರಿಗೆ ಸಿಂಹದ ಬಾಲ, ಸಪ್ತರ್ಷಿ ಅನ್ನುವುದೂ ಹಾಗೆ, ನಿಮ್ಮ ಅಜ್ಜಿಗೆ ಅದು ಮುದುಕಿ ಮಲಗುವ ಹೊರಸು, ಮೂರು ಕಳ್ಳರು ಎಳೆಯುತ್ತಿದ್ದಾರೆ, ಚುಕ್ಕಿಗೆ ತಾನೇನು ಅಂತ ಗೊತ್ತಿಲ್ಲ ಮಕ್ಕಳೇ, ಗೆರೆ ಎಳೆಯುವವರು ನಾವು — ಆಹಾ, ಎಂಥ ಮಾತು, ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದಳು ನಾ ಗಾಳ ಅಂತ, ಸಿಂಹದ ಬಾಲ ಅಂತ, ಅದೇ ಸರ್ ತಮ್ಮ ಮಗನ ಲಗ್ನಕ್ಕೆ ಕುಂಡಲಿ ಬಗಲಲ್ಲಿಟ್ಟುಕೊಂಡು ಜಯಸಿಂಗಪುರದ ತನಕ ಅಲೆದರು. ಗೆರೆ ಎಳೆಯುವವರು ನಾವಂತೆ, ಥೂ.

ಹಲಕರ್ಣಿಯ ಮೇಲಿನ ಓಣಿಯ ಪ್ರತೀಕನದೂ ಮೂಲಾ, ಅವನು ಹುಟ್ಟಿದಾಗ ಪೇಢೆ ಹಂಚಿದರು, ಗಂಡು ಮೂಲಾ ಮನೆ ಬೆಳಗುತ್ತದಂತೆ, ಹೆಣ್ಣು ಮೂಲಾ ಮಾವನನ್ನು ನುಂಗುತ್ತದಂತೆ, ಒಂದೇ ಚುಕ್ಕಿ, ಗಂಡಿಗೆ ದೀಪ ಹೆಣ್ಣಿಗೆ ವಿಷ, ಎಂಥ ಚುರುಕು ಚುಕ್ಕಿಯಪ್ಪಾ, ತೊಟ್ಟಿಲಲ್ಲಿ ಇಣುಕಿ ನೋಡಿ ಹಂಚುತ್ತದೆ. ನೋಡಲು ಬಂದವರು ಕಾಂದೆ ಪೋಹೆ ತಿಂದರು, ಚಹಾ ಕುಡಿದರು, ಹುಡುಗಿ ಚಂದ ಅದಾಳ್ರಿ ಅಂದರು, ನಕ್ಷತ್ರ ಕೇಳಿದರು, ಹುಡುಗನ ಅಪ್ಪ ಎದ್ದು ನಿಂತ, ಪ್ರತಿ ಸಲವೂ ಎದ್ದವನು ಹುಡುಗನ ಅಪ್ಪನೇ, ದಡೂತಿ ಗಂಡಸರು, ಮೀಸೆಯವರು, ಇಷ್ಟುದ್ದದ ಹುಡುಗಿಗೆ ಹೆದರಿ ಚಪ್ಪಲಿ ಹುಡುಕಿದರು. ಹಾಗಾಗಿ ಅಪ್ಪ ಅವ್ವ ಮಾವ ಇಲ್ಲದ ಮನೆ ಹುಡುಕಿದರು, ಸತ್ತವನನ್ನು ಮತ್ತೆ ಕೊಲ್ಲಲು ಬರುವುದಿಲ್ಲವಲ್ಲ, ಮಾವ ಇಲ್ಲದ ಮನೆಗೆ ಮೂಲಾ ನಡೆಯುತ್ತದೆ, ಇದು ಎಲ್ಲರೂ ಒಪ್ಪಿದ ಮಾತು, ಸಿಕ್ಕಿತು, ಇಚಲಕರಂಜಿಯಲ್ಲಿ, ಅಥಣಿ ಕಡೆಯಿಂದ ಮಗ್ಗಕ್ಕೆ ಬಂದ ಮಂದಿ, ಹುಡುಗ ಯುವರಾಜ, ತಾಯಿ ಚೆನ್ನವ್ವ, ತಂದೆ ಮನೆ ಬಿಟ್ಟು ಹೋಗಿ ಹನ್ನೆರಡು ವರ್ಷ, ಸುದ್ದಿ ಇಲ್ಲ, ಹನ್ನೆರಡು ತುಂಬಿದ ಮೇಲೆ ದರ್ಭೆಯ ಮನುಷ್ಯನನ್ನು ಮಾಡಿ ಪಂಚಗಂಗೆಯ ದಂಡೆಯಲ್ಲಿ ಸುಟ್ಟರು, ಯುವರಾಜ ತಲೆ ಬೋಳಿಸಿದ, ಚೆನ್ನವ್ವ ಬಳೆ ಒಡೆದುಕೊಂಡಳು, ಅದೇ ವರ್ಷ ಲಗ್ನ. ತಗಡು ಹೊದಿಸಿದ ಕಲ್ಯಾಣಮಂಟಪದ ಅಂಗಳದಲ್ಲಿ ಭಟ್ಟ ನಡುಮಧ್ಯಾಹ್ನದ ಸುಡುವ ಆಕಾಶಕ್ಕೆ ಬೆರಳು ಮಾಡಿದ, ಅದು ಅರುಂಧತಿ, ಕಾಣ್ತೇನವಾ, ಹೌದ್ರಿ ಕಾಣ್ತು ಅಂದಳು, ಬಿಸಿಲು ಬಿಟ್ಟರೆ ಏನೂ ಇರಲಿಲ್ಲ, ಇಲ್ಲದ ಚುಕ್ಕಿಯನ್ನು ಕಂಡೆ ಅಂದವಳಿಗೇ ತಾಳಿ ಬಿದ್ದದ್ದು.

ನಾಲ್ಕು ವರ್ಷ ಆರಾಮಾಗಿತ್ತು, ಆರಾಮ ಅಂದರೆ ಕಾಂಡಿ ಮಶೀನಿನ ಮುಂದೆ ನಿಂತು ಎಂಟು ತಾಸು ನೂಲು ಸುತ್ತುವುದು, ಬೆರಳ ಸಂದಿಯಲ್ಲಿ ಎಳೆ ಕೊಯ್ದು ಗೀರು, ಆದರೂ ಯಾರೂ ಅವಳನ್ನು ಚುಕ್ಕಿ ಅನ್ನಲಿಲ್ಲ, ಮೋನಾಲಿ ಹುಟ್ಟಿದಾಗ ಅತ್ತೆ ಕೂಸಿನ ಮುಖ ನೋಡುವ ಮೊದಲು ಗಡಿಯಾರ ನೋಡಿದಳು, ಅದೊಂದು ಬಿಟ್ಟರೆ. ಹೋದ ವಾರ ಸಂಜೆ ಬಾಗಿಲಲ್ಲಿ ಒಬ್ಬ ಮುದುಕ, ಕೈಚೀಲ, ಮೈತುಂಬ ಜ್ವರ, ಯುವ್ಯಾ ಅದಾನೇನ ಮನ್ಯಾಗ, ಅಂದ, ಒಳಗೆ ಬಂದು ಹಾರ ಹಾಕಿದ ತನ್ನದೇ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತ, ಯುವರಾಜ ಓಡಿ ಬಂದು ಹಾರ ಕಿತ್ತು ಜೇಬಿಗೆ ತುರುಕಿದ, ನಗಬೇಕು ಅನಿಸಿತು ಅವಳಿಗೆ, ಆಮೇಲೆ ತಿಳಿಯಿತು, ಆ ಫೋಟೋ ಇದ್ದದ್ದಕ್ಕೇ ತಾನು ಈ ಮನೆಯಲ್ಲಿ ಇದ್ದೇನೆ ಅಂತ. ಮುದುಕನಿಗೆ ಯಾರು ಹೇಳಿದರೋ, ಪಕ್ಕದ ಮನೆಯ ಶೆವಂತಾ ಇರಬೇಕು, ಅವಳ ನಾಲಿಗೆಗೆ ಎಲುಬಿಲ್ಲ, ಅಯ್ಯ ಕಾಕಾ ನಿಮ್ಮ ಸೊಸಿ ಮೂಲಾದಾಕಿ, ನಿಮಗ ಗೊತ್ತಿಲ್ಲೇನ, ಅಂದಿರಬೇಕು, ಆವತ್ತಿನಿಂದ ಇವಳು ಮಾಡಿದ ಭಾಕ್ರಿ ಮುಟ್ಟುವುದಿಲ್ಲ, ಇವಳು ತಂದ ನೀರು ಕುಡಿಯುವುದಿಲ್ಲ, ಶೆವಂತಾ ಕೊಟ್ಟ ಗಂಜಿ ಕುಡಿಯುತ್ತಾನೆ, ಗಂಟಲಿನ ಗಂಟು ಏರುತ್ತದೆ ಇಳಿಯುತ್ತದೆ, ಇವಳು ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಾಳೆ. ಹೆಂಡತಿ ಮಗನನ್ನು ಬಿಟ್ಟು ಓಡಿದವನು ಮನೆಯವನಾದ, ಕಾಂಡಿ ಸುತ್ತಿ ಮನೆ ನಡೆಸಿದವಳು ಮಾರಿಯಾದಳು, ಮಗ ಅಪ್ಪನ ಕಾಲು ಒತ್ತುತ್ತ ಇವಳಿಗೆ ಬಸ್ಸಿನ ಹೊತ್ತು ಹೇಳುತ್ತಾನೆ. ಒಮ್ಮೆ ಹಲಕರ್ಣಿಗೆ ಹೋದರೆ ಮುಗಿಯಿತು, ಯಾರು ಕರೆಯಲು ಬರುತ್ತಾರೆ, ಮುದುಕ ಬದುಕಿದರೆ ಅವನಿಗಾಗಿ ಬರುವಂತಿಲ್ಲ, ಸತ್ತರೆ ಕೊಂದವಳು ಅಂತ ಬರುವಂತಿಲ್ಲ.

ಬಳೆ ಇಲ್ಲದ ಕೈಯೊಂದು ಹೆಗಲ ಮೇಲೆ ಬಿತ್ತು, ಅತ್ತೆ, ಯಾವಾಗ ಬಂದು ಹಿಂದೆ ನಿಂತಳೋ, ಚೆನ್ನವ್ವ ಮಾತು ಕಡಿಮೆ, ಗಂಡ ಬಂದಾಗಿನಿಂದ ಅವನ ಜತೆ ಒಂದು ಮಾತಿಲ್ಲ, ನೀ ಎಲ್ಲಿಗೂ ಹೋಗಬ್ಯಾಡ, ಅಂದಳು, ಯುವ್ಯಾನ ಮಾತ ಕಿವ್ಯಾಗ ಹಾಕ್ಕೋಬ್ಯಾಡ, ನಾ ಅದೇನಿ — ಇಷ್ಟು ವರ್ಷದಲ್ಲಿ ಒಬ್ಬರು, ಒಬ್ಬರಾದರೂ, ಸಪನಾ ಅತ್ತೀ ಅಂತ ಆ ಕೈ ಹಿಡಿದುಕೊಂಡಳು, ಒರಟು ಕೈ, ಬಿಸಿ. ಚೆನ್ನವ್ವ ಪಕ್ಕದಲ್ಲಿ ಕೂತಳು, ದನಿ ತಗ್ಗಿಸಿದಳು. ನಿನ್ನ ಯಾಕ ಈ ಮನಿಗಿ ತಂದೇನಿ ಗೊತ್ತೈತೇನ ನಿನಗ. ಮಾವ ಇಲ್ಲ ಅಂತರೀ. ಇಲ್ಲ ಅಂತ ಯಾರಂದ್ರ, ಅಂವಾ ಶಿರೋಳದಾಗ ಅದಾನ ಅಂತ ನನಗ ಗೊತ್ತಿತ್ತ, ನಮ್ಮ ಓಣಿ ಮಲ್ಲಾರಿ, ಕಬ್ಬ ಕಡ್ಯಾಕ ಹ್ವಾದಾಂವ, ಕಣ್ಣಾರೆ ನೋಡಿ ಬಂದ ಹೇಳಿದ್ದ, ಬ್ಯಾರೆ ಒಬ್ಬಾಕಿ ಸಂಗಟ ಮನಿ ಮಾಡ್ಯಾನ, ನಕ್ಕೋತ ಕುಂತಿದ್ದ ಅಂತ. ಗೊತ್ತಿದ್ದೂ ಅಂವಂದ ದಿವಸಾ ಮಾಡಿದ್ರೇನ್ರಿ. ಮಾಡಿದೆ, ಬಳಿ ಒಡಕೊಂಡೆ, ಮತ್ತೇನ ಮಾಡಲಿ, ಬಡಿಗಿ ತಗೊಂಡ ಹೋಗಲೇನ, ಕೋರ್ಟಿಗ ಹೋಗಲೇನ, ಹೆಣ್ಣ ಹೆಂಗಸ ನಾ, ಊರೂರ ತಿರಗಿ ಮೂಲಾ ನಕ್ಷತ್ರದ ಸೊಸಿನ್ನ ಹುಡಕಿ ತಂದೆ. ಸಪನಾಳಿಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ, ಮುದುಕಿಯ ಹಿಡಿತ ಬಿಗಿಯಾಗಿತ್ತು. ನಾಕ ವರ್ಸ ಆತ, ಅಂದಳು ಚೆನ್ನವ್ವ, ಕೆಲಸದವಳನ್ನು ಬೈಯುವ ದನಿಯಲ್ಲಿ, ಏನ ಮಾಡಿದಿ ನೀ, ಜ್ವರಾ ಬಂದೈತಿ ಅಷ್ಟ, ಶೆವಂತಾ ನಿನ್ನ ವಿಷಯ ಅಂವಗ ಊದಿ ಕೆಲಸಾ ಕೆಡಿಸಿದ್ಲು, ದೂರ ಇದ್ದ ಅಂತ ತಾಗಲಿಲ್ಲೋ ಏನೋ, ಈಗ ಮನ್ಯಾಗ ಬಂದಾನ, ಏಳು, ನಿನ್ನ ಕೈಲಿ ನೀರ ಕೊಡ.

ಬೇಡವಾಗಿ ಹುಟ್ಟಿದೆ ಅಂದುಕೊಂಡಿದ್ದಳು, ಈಗ ನೋಡಿದರೆ ಬೇಕಾಗಿಯೇ ತಂದಿದ್ದಾರೆ, ಇಲಿಯ ಔಷಧಿ ತಂದ ಹಾಗೆ, ಹೆದರಿದ ಗಂಡಸರೇ ಮೇಲು, ಅವರು ಎದ್ದು ಹೋದರು, ಈ ಅತ್ತೆ ಅಕ್ಷತೆ ಹಾಕಿ ಕರೆದುಕೊಂಡಳು, ಹೆರಿಗೆಯಲ್ಲಿ ಬೆನ್ನು ಒತ್ತಿದ್ದೂ ಅದಕ್ಕೇ ಏನು, ಔಷಧಿ ಕೆಡಬಾರದು ಅಂತ — ನೀರು, ಅಂತ ಒಳಗಿನಿಂದ ಮುದುಕ, ಚೆನ್ನೀ, ನೀರ ಕೊಡ. ಚೆನ್ನವ್ವ ಕೂಸನ್ನು ಎತ್ತಿ ಚಾಪೆಗೆ ಹಾಕಿದಳು, ತಂಬಿಗೆ ತುಂಬಿ ಸಪನಾಳ ಕೈಗಿಟ್ಟಳು, ಮೊಬೈಲಿನ ಬ್ಯಾಟರಿ ಹಚ್ಚಿದಳು, ಬೆಳಕು ನೆಲಕ್ಕೆ ಹಿಡಿಯಲಿಲ್ಲ, ನೇರ ಗಂಡನ ಮುಖಕ್ಕೆ ಹಿಡಿದಳು. ಒಳಕೋಣೆಯ ಚಾಪೆಯ ಮೇಲೆ ಅವನು ಮೊಣಕೈ ಊರಿ ಎದ್ದ, ತುಟಿ ಒಡೆದಿವೆ, ಸಪನಾಳ ಮುಖ ನೋಡಲಿಲ್ಲ, ಕೈ ನೋಡಿದ, ಗೀರುಬಿದ್ದ ಬೆರಳು ನೋಡಿದ, ಗೋಡೆಗೆ ಸರಿದ. ಆಕಿ ಕೈಲಿ ಬ್ಯಾಡ, ಚೆನ್ನೀ, ನೀ ಕೊಡ. ನಾ ರಂಡಿಮುಂಡಿ, ನನ್ನ ಗಂಡ ಸತ್ತ ಭಾಳ ದಿವಸ ಆತ, ನನ್ನ ಕೈಲಿ ನೀರ ಹೆಂಗ ಕುಡೀತಿ. ಯುವ್ಯಾನ ಕರಿ. ಪಾಳಿಗಿ ಹೋಗ್ಯಾನ. ಶೆವಂತಾ. ಬಾಗಲಾ ಹಾಕ್ಯಾಳ. ಮುದುಕ ತಂಬಿಗೆ ನೋಡಿದ, ನಾಲಿಗೆ ಹೊರಬಂದು ತುಟಿ ಸವರಿತು, ಒಣ ನಾಲಿಗೆ, ಏನೂ ಸವರಲಿಲ್ಲ, ಹೆದರು, ಅಂದುಕೊಂಡಳು ಸಪನಾ, ಚೆನ್ನಾಗಿ ಹೆದರು, ನಿನ್ನ ವಯಸ್ಸಿನವರೆಲ್ಲ ಪೋಹೆ ತಿಂದು ಹೆದರಿ ಹೋದರು, ನೀನು ಎಲ್ಲಿಗೆ ಹೋಗುತ್ತಿ, ಇನ್ನೊಂದು ಹೆಜ್ಜೆ ಮುಂದೆ ಇಟ್ಟಳು, ಯಾರೂ ಇಡು ಅನ್ನಲಿಲ್ಲ, ತಾನೇ ಇಟ್ಟಳು, ತಂಬಿಗೆ ಮುಂದೆ ಹಿಡಿದಳು.

ಎರಡೂ ಕೈಯಿಂದ ಕಿತ್ತುಕೊಂಡು ಬಾಯಿಗಿಟ್ಟ. ನೀರು ಗದ್ದದ ಮೇಲೆ, ಎದೆಯ ಮೇಲೆ, ಚೆನ್ನವ್ವನ ಬೆಳಕು ಗಂಟಲಿಗೆ ಇಳಿಯಿತು, ಅಲ್ಲೇ ನಿಂತಿತು, ಅವಳ ಉಸಿರು ಕೇಳಿಸುತ್ತಿಲ್ಲ, ತನ್ನದೂ ಕೇಳಿಸುತ್ತಿಲ್ಲ ಅಂತ ಸಪನಾಳಿಗೆ ಆಗ ಗೊತ್ತಾಯಿತು, ತಾನೂ ಉಸಿರು ಹಿಡಿದಿದ್ದೇನೆ, ಸುಳ್ಳು ಅಂದವಳು, ಗಾಳ ಅಂದವಳು, ಸಿಂಹದ ಬಾಲ ಅಂದವಳು, ನಂಬಿದವರನ್ನೆಲ್ಲ ಹುಟ್ಟಿದಾಗಿನಿಂದ ಬೈದವಳು ಕಾಯುತ್ತಿದ್ದಾಳೆ, ಅತ್ತೆಗಿಂತ ಹೆಚ್ಚು ಕಾಯುತ್ತಿದ್ದಾಳೆ, ಬೀಳು, ಅಂತ ಒಳಗೆ ಯಾರೋ ಅಂದರು, ಅವಳದೇ ದನಿ, ಬೀಳು, ಬೀಳೋ — ಗಂಟಲಿನ ಗಂಟು ಏರಿತು, ಇಳಿಯಿತು, ಇನ್ನ ಥೋಡೆ ಕೊಡವಾ, ಅಂದ ಮುದುಕ, ತಂಬಿಗೆ ಚಾಚಿದ, ತುಂಬಿ ಕೊಟ್ಟಳು, ಏರಿತು, ಇಳಿಯಿತು, ಏರಿತು.