ಜರ್ಮನಿಯಿಂದ ಬಂದ ಕೊಟ್ರವ್ವ

ದಾವಣಗೆರೆ ಹೊಸ ಜಿಲ್ಲೆಯಾದ ಮರುವರ್ಷ ಊರಿನಲ್ಲಿ ಎರಡೇ ಎರಡು ಉದ್ಯಮಗಳು ಭರದಿಂದ ನಡೆಯುತ್ತಿದ್ದವು. ಒಂದು ಅಡಿಗಲ್ಲು ಹಾಕುವುದು, ಇನ್ನೊಂದು ಅದರ ಫೋಟೊ ಪೇಪರಿಗೆ ಕೊಡುವುದು. ಮಾಲತೇಶಪ್ಪ ಇಪ್ಪತ್ತಾರು ವರ್ಷ ದುಡಿದ ಬಟ್ಟೆ ಮಿಲ್ಲು ಬಾಗಿಲು ಹಾಕಿ ಆಗಲೇ ಮೂರು ವರ್ಷವಾಗಿತ್ತು. ಮಿಲ್ಲಿನ ಸೈರನ್ ನಂಬಿ ಅನ್ನಕ್ಕಿಡುತ್ತಿದ್ದ ಹೆಂಗಸರು ಈಗ ಟೀವಿ ಧಾರಾವಾಹಿ ನಂಬಿ ಅನ್ನಕ್ಕಿಡುತ್ತಿದ್ದರು. ಭಾಷಣಗಳಲ್ಲಿ ಮಾತ್ರ ಊರು ಇನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಆಗಿಯೇ ಇತ್ತು. ಭಾಷಣಕ್ಕೆ ನೂಲು ಬೇಕಾಗುವುದಿಲ್ಲವಲ್ಲ.

ಮಾಲತೇಶಪ್ಪನಿಗೆ ಈಗ ನಿಜಲಿಂಗಪ್ಪ ಬಡಾವಣೆಯ ಒಂದು ಕಲ್ಯಾಣ ಮಂಟಪದಲ್ಲಿ ವಾಚ್‌ಮನ್ ಕೆಲಸ. ಕೆಲಸವೆಂದರೆ ಕಬ್ಬಿಣದ ಕುರ್ಚಿಯ ಮೇಲೆ ಕೂತು ಮಂದಿಯ ಚಪ್ಪಲಿ ಕಾಯುವುದು. ಮಗ್ಗದ ಮುಂದೆ ಎಂಟೆಂಟು ತಾಸು ನಿಂತು ದುಡಿದವನಿಗೆ ಕೂತು ಕೂತು ಸೊಂಟ ಹಿಡಿದಿತ್ತು. ಮಗ್ಗಗಳ ಗದ್ದಲಕ್ಕೆ ಕಿವಿ ಅರ್ಧ ಹೋಗಿತ್ತು. ಮಿಲ್ಲಿನೊಳಗೆ ಯಾರು ಎಷ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ, ತುಟಿ ನೋಡಿಯೇ ಮಾತು ತಿಳಿಯಬೇಕಿತ್ತು. ಆ ವಿದ್ಯೆಯ ಫಲವಾಗಿ ಈಗ ಮದುವೆಮನೆಯಲ್ಲಿ ಬೀಗರು ಬೀಗರನ್ನು ಬೈಯುವುದೆಲ್ಲ ಅವನಿಗೆ ಗೇಟಿನಿಂದಲೇ ಗೊತ್ತಾಗುತ್ತಿತ್ತು. ಬೇರೆ ಉಪಯೋಗವೇನೂ ಇರಲಿಲ್ಲ.

ಅಂಥ ಒಂದು ಮದುವೆಗೆ ಮಂಡಿಪೇಟೆಯ ಕರಿಬಸವರಾಜ ಬಂದ. ಬೇಳೆ, ಬೆಲ್ಲದ ಸಗಟು ವ್ಯಾಪಾರಿ. ಬಾಯಲ್ಲಿ ಎಲೆಅಡಿಕೆ, ಕಂಕುಳಲ್ಲಿ ಫೈಲು. ಬೇಳೆ ವ್ಯಾಪಾರಿ ಫೈಲು ಹಿಡಿದನೆಂದರೆ ಕೈಗಾರಿಕೋದ್ಯಮಿಯಾಗುತ್ತಿದ್ದಾನೆ ಎಂದೇ ಅರ್ಥ.

“ನೀ ಮಿಲ್ಲಿನಾಗಿದ್ದ ಮಾಲತೇಶಿ ಅಲ್ಲೇನಪ್ಪಾ?”

“ಹೌದ್ರಿ ಸಾವ್ಕಾರ್ರೆ.”

“ಹರಿಹರದಾಗೆ ಬಟ್ಟೆ ಫ್ಯಾಕ್ಟ್ರಿ ಹಾಕ್ತಿದೀನಿ. ಮಷೀನೆಲ್ಲ ಜರ್ಮನಿದು. ಕೈ ಪಳಗಿದೋನು ಬೇಕು. ಕಾಯಂ ಕೆಲಸ. ಸೋಮವಾರ ಬಂದ್ಬಿಡು.”

ಕಾಯಂ ಎಂಬ ಮಾತು ಕೇಳಿ ಮಾಲತೇಶಪ್ಪನಿಗೆ ಕಣ್ಣು ಮಂಜಾಯಿತು. ಮತ್ತೆ ಮಗ್ಗದ ಮುಂದೆ ನಿಲ್ಲುವುದು, ಮತ್ತೆ ಪಾಳಿ ಮುಗಿಸಿ ಹತ್ತಿಯ ಎಳೆ ಮೈಗಂಟಿಸಿಕೊಂಡು ಮನೆಗೆ ಬರುವುದು. ಅವನಿಗೆ ಬೇಕಾದದ್ದು ಅದೊಂದೇ.

“ಜರ್ಮನಿ ಮಷೀನು ನಿಮ್ಮಾತು ಕೇಳ್ತಾವೇನ್ರಿ?” ಎಂದಳು ಹೆಂಡತಿ ಗಿರಿಯಮ್ಮ.

“ಮಷೀನು ಎಲ್ಲಿದಾದ್ರೇನೇ, ನೂಲು ನೂಲೇ” ಎಂದು ಅವನು ಮೂರು ವರ್ಷದಿಂದ ಪೆಟ್ಟಿಗೆಯಲ್ಲಿದ್ದ ಖಾಕಿ ಅಂಗಿ ತೆಗೆದು ಇಸ್ತ್ರಿ ಮಾಡಿಸಿದ. ವಾಚ್‌ಮನ್ ಕೆಲಸ ಬಿಟ್ಟ.

ಸೋಮವಾರ ಬಸ್ಸಿಳಿದು ಹರಿಹರದ ಶೆಡ್ಡಿಗೆ ಹೋದರೆ, ಹೊಸ ಹಸಿರು ಬಣ್ಣದ ಎಂಟು ಮಗ್ಗಗಳು ಸಾಲಾಗಿ ನಿಂತಿದ್ದವು. ಒಂದೊಂದರ ಹಣೆಯ ಮೇಲೂ ಓದಲು ಬಾರದ ಹೆಸರಿನ ಹೊಳೆಯುವ ತಗಡು. ಮಾಲತೇಶಪ್ಪ ಭಯಭಕ್ತಿಯಿಂದ ಮೊದಲನೆಯದರ ಹತ್ತಿರ ಹೋಗಿ ಕೈಯಿಟ್ಟ. ಇಟ್ಟ ಕೈ ಅಲ್ಲೇ ನಿಂತಿತು.

ಬಣ್ಣದ ಕೆಳಗೆ ಮೂರು ಅಡ್ಡ ಉಬ್ಬು. ಪ್ರತಿ ಆಯುಧಪೂಜೆಗೂ ಅದೇ ಜಾಗದಲ್ಲಿ ಮೂರು ಬೆರಳಿನಿಂದ ವಿಭೂತಿ ಎಳೆದು ಕುಂಕುಮ ಮೆತ್ತಿದವನು ಅವನೇ. ಇಪ್ಪತ್ತಾರು ವರ್ಷದ ವಿಭೂತಿ ಎಣ್ಣೆಯ ಜೊತೆ ಸೇರಿ ಕಲ್ಲಾಗಿತ್ತು. ಬಣ್ಣ ಹೊಡೆದವನಿಗೆ ಅದನ್ನು ಕೆರೆಯುವಷ್ಟು ವ್ಯವಧಾನವಿರಲಿಲ್ಲ. ಬಗ್ಗಿ ಮಗ್ಗದ ಎಡಗಾಲು ನೋಡಿದ. ಅವನು ಒದ್ದೂ ಒದ್ದೂ ಆದ ತಗ್ಗು ಹಾಗೇ ಇತ್ತು.

ಇದು ಅವನ ನಲವತ್ತೇಳನೇ ನಂಬರಿನ ಮಗ್ಗ. ಮೋಟಾರು ಹಾಕಿದರೆ ಗುಂಯ್ ಎನ್ನುತ್ತಿತ್ತೇ ಹೊರತು ಎಡಗಾಲಿಗೊಂದು ಒದೆ ಬೀಳುವವರೆಗೆ ಅಲುಗುತ್ತಿರಲಿಲ್ಲ. ಗಿರಿಯಮ್ಮನ ತಾಯಿ ಕೊಟ್ರವ್ವ ಕೂಡ ಹಬ್ಬಕ್ಕೆ ಬಂದು ಕೂತರೆ ಜಪ್ಪಯ್ಯ ಎಂದರೂ ಏಳುವವಳಲ್ಲ. ಅತ್ತೆಯನ್ನು ಒದೆಯುವಂತಿರಲಿಲ್ಲವಾಗಿ ಮಗ್ಗಕ್ಕೆ ಆಕೆಯ ಹೆಸರಿಟ್ಟು ಸಮಾಧಾನಪಟ್ಟಿದ್ದ. ಆದರೆ ಒದ್ದ ಮೇಲೆ ಪ್ರತಿಸಲವೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅನ್ನ ಕೊಡುವ ವಸ್ತುವಿಗೆ ಕಾಲು ತಾಗಿಸಿ ಸುಮ್ಮನಿರುವುದು ಹೇಗೆ?

“ಕೊಟ್ರವ್ವಾ” ಎಂದು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟ.

ಕರಿಬಸವರಾಜ ಹಿಂದೆಯೇ ನಿಂತಿದ್ದ. “ಗುರುತು ಹಿಡಿದಿ ಅನ್ನು. ನಿಮ್ಮ ಮಿಲ್ಲಿನದೇ, ಗುಜರಿಯಾಗೆ ತಗಂಡೆ. ಬಾಯಿ ಮುಚ್ಕೊಂಡಿದ್ರೆ ನಿನ್ನ ಕೆಲಸ ಕಾಯಂ. ಬಾಯಿ ಬಿಟ್ಟಿ, ವಾಪಸ್ ಚಪ್ಪಲಿ ಕಾಯಾಕೆ ಹೋಗು.”

“ಒದೀದಿದ್ರೆ ಇವಳು ಏಳಲ್ರಿ ಸಾವ್ಕಾರ್ರೆ.”

“ಒದೆಯೋದೂ ಬ್ಯಾಡ, ಕೈ ಮುಗಿಯೋದೂ ಬ್ಯಾಡ. ಜರ್ಮನಿ ಮಷೀನಿಗೆ ಯಾರಾದ್ರೂ ಅವ್ವಾ ಅಂತಾರೇನೋ?”

ಮಾಲತೇಶಪ್ಪ ಒಪ್ಪಿಕೊಂಡ. ಬಣ್ಣ ಸುಳ್ಳಾದರೆ ಏನಂತೆ, ಬಟ್ಟೆ ನಿಜದ್ದೇ ಬರುತ್ತದಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ವಾರವಿಡೀ ಮಗ್ಗಗಳನ್ನು ಒರೆಸಿ ಎಣ್ಣೆ ಬಿಟ್ಟ. ನೂಲು ಬಂದದ್ದು ಒಂದೇ ಮಗ್ಗಕ್ಕಾಗುವಷ್ಟು. ಉಳಿದದ್ದು ಆಮೇಲೆ ಬರುತ್ತದೆ ಎಂದ ಸಾಹುಕಾರ. ಮಾಲತೇಶಪ್ಪ ಆ ನೂಲನ್ನು ಕೊಟ್ರವ್ವನಿಗೇ ಏರಿಸಿದ.

ಉದ್ಘಾಟನೆಗೆ ಮಂತ್ರಿಗಳು ಮೂರು ತಾಸು ತಡವಾಗಿ ಬಂದರು. ಶಾಮಿಯಾನದ ತುಂಬ ಮಂದಿ. ಕೈಗಾರಿಕೆ ನೋಡಲು ಬಂದವರಿಗಿಂತ ಹೋಳಿಗೆ ಊಟಕ್ಕೆ ಬಂದವರೇ ಹೆಚ್ಚು. ಮಂತ್ರಿಗಳು ರಿಬ್ಬನ್ ಕತ್ತರಿಸಿ, ಕೊಟ್ರವ್ವನ ಮುಂದೆ ನಿಂತು, ಫೋಟೊಗ್ರಾಫರ್ ತಯಾರಾದನೇ ಎಂದು ನೋಡಿಕೊಂಡು ಬಟನ್ ಒತ್ತಿದರು.

ಗುಂಯ್ ಎಂದಿತು. ಅಷ್ಟೇ.

ಮಂತ್ರಿಗಳು ಇನ್ನೊಮ್ಮೆ ಒತ್ತಿದರು. ಮತ್ತೆ ಗುಂಯ್. ಚಪ್ಪಾಳೆಗೆಂದು ಎತ್ತಿದ ಕೈಗಳು ಗಾಳಿಯಲ್ಲೇ ಉಳಿದವು. ಕರಿಬಸವರಾಜನ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಒದ್ದರೆ ಗುಟ್ಟು ರಟ್ಟಾಗಿ ಕೆಲಸ ಹೋಗುತ್ತದೆ, ಒದೆಯದಿದ್ದರೆ ಫ್ಯಾಕ್ಟರಿಯೇ ಹೋಗುತ್ತದೆ ಎಂದು ಮಾಲತೇಶಪ್ಪ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಅವನ ಕಾಲು ಅವನನ್ನು ಕೇಳದೆ ಮುಂದೆ ಹೋಯಿತು.

“ಏಳವ್ವಾ ಕೊಟ್ರವ್ವಾ!” ಎಂದು ಒದ್ದು, ಬಗ್ಗಿ ಮುಟ್ಟಿ, ಎರಡೂ ಕಣ್ಣಿಗೊತ್ತಿಕೊಂಡ.

ಖಟಪಟ ಖಟಪಟ ಎಂದು ಮಗ್ಗ ಎದ್ದಿತು. ನೂಲು ಹೊತ್ತ ಲಾಳಿ ಅತ್ತಿಂದಿತ್ತ ಹಾರಿತು. ಗೇಣುದ್ದ ಬಿಳಿ ಬಟ್ಟೆ ಮೂಡಿ ಬರುವಷ್ಟರಲ್ಲಿ ಭಾಷಣ ಕೇಳಿಸುವುದಿಲ್ಲವೆಂದು ಯಾರೋ ಮಗ್ಗ ನಿಲ್ಲಿಸಿದರು.

ಮಾಲತೇಶಪ್ಪ ತನ್ನ ಕಥೆ ಮುಗಿಯಿತೆಂದು ತಲೆ ತಗ್ಗಿಸಿ ನಿಂತಿದ್ದ. ಮಂತ್ರಿಗಳು ಮೈಕು ಹಿಡಿದರು. “ನೋಡಿ, ನಮ್ಮ ಕಾರ್ಮಿಕ ವಿದೇಶಿ ಯಂತ್ರವನ್ನೂ ತಾಯಿ ಎಂದು ಕರೆದು ಕಣ್ಣಿಗೊತ್ತಿಕೊಳ್ಳುತ್ತಾನೆ! ಜಾಗತೀಕರಣ ಮತ್ತು ನಮ್ಮ ಸಂಸ್ಕೃತಿ ಇಂದು ಹರಿಹರದಲ್ಲಿ ಸಂಗಮವಾಗಿವೆ!” ಈಗ ಚಪ್ಪಾಳೆ ಬಿತ್ತು. ಒದೆ ಯಾರಿಗೂ ಕಾಣಲಿಲ್ಲ. ಕಂಡವರಿಗೆ ಹಸಿವಾಗಿತ್ತು.

ಜನ ಊಟಕ್ಕೆ ನುಗ್ಗಿದ ಮೇಲೆ ಸಬ್ಸಿಡಿಯ ತಪಾಸಣೆಗೆ ಬಂದಿದ್ದ ಅಧಿಕಾರಿ ಮಾಲತೇಶಪ್ಪನ ಹತ್ತಿರ ಬಂದು ಮಗ್ಗದ ಬೆನ್ನು ತಟ್ಟಿದ.

“ಏನ್ರಿ ಯಜಮಾನ್ರೆ, ಇದನ್ನ ಎರಡು ಜಿಲ್ಲೆಯಾಗೆ ನೋಡೀನಿ. ಒಂದ್ಕಡೆ ನೀಲಿ ಇತ್ತು, ಒಂದ್ಕಡೆ ಹಳದಿ. ತಿರುಗಿದ್ದು ನೋಡಿದ್ದು ಇವತ್ತೇ.” ಹೀಗೆಂದು ನಕ್ಕು, ಫೈಲಿಗೆ ಸಹಿ ಹಾಕಿ ಅವನೂ ಊಟಕ್ಕೆ ನಡೆದ.

ಕರಿಬಸವರಾಜ ಓಡಿಬಂದು ಮಾಲತೇಶಪ್ಪನ ಹೆಗಲ ಮೇಲೆ ಕೈಹಾಕಿದ. “ಮಾನ ಉಳಿಸಿದೆಯಪ್ಪಾ! ಇನ್ನು ನಿನ್ನ ಕೆಲಸ ಕಾಯಂ. ನಾಳೆ ಬೆಳಿಗ್ಗೆ ಲಾರಿ ಬರ್ತೈತೆ, ಮಷೀನಿನ ಜೊತಿಗೆ ಹತ್ಕೊಂಡ್ಬಿಡು.”

“ಲಾರಿ ಯಾಕ್ರಿ?”

“ನಾಡಿದ್ದು ಇನ್ನೊಬ್ರ ಉದ್ಘಾಟನೆ ಐತೆ. ಮದುವೆಗೆ ಪಾತ್ರೆ ಬಾಡಿಗೆ ಕೊಡಲ್ವಾ, ಹಂಗೇ. ಇಷ್ಟು ದಿನ ಬರೀ ನಿಲ್ಲೋ ಮಷೀನು ಕೊಡ್ತಿದ್ದೆ. ಇನ್ಮುಂದೆ ತಿರುಗೋ ಮಷೀನು. ನೀ ಒದೀತಾ ಹೋಗು, ರಾಜ್ಯವೆಲ್ಲ ತಿರುಗಬಹುದು.”

“ಮತ್ತೆ ಈ ಫ್ಯಾಕ್ಟ್ರಿ?”

“ಸಬ್ಸಿಡಿ ಬಂದ ಮೇಲೆ ಇದು ರೋಗಗ್ರಸ್ತ ಕೈಗಾರಿಕೆ ಆಗ್ತೈತೆ. ಅದಕ್ಕೆ ಬ್ಯಾರೆ ಸ್ಕೀಮ್ ಐತೆ.”

“ಬಟ್ಟೆ ನೇಯೋದು ಯಾವಾಗ್ರಿ?”

ಕರಿಬಸವರಾಜನಿಗೆ ಆ ಪ್ರಶ್ನೆ ನಿಜವಾಗಿಯೂ ಅರ್ಥವಾಗಲಿಲ್ಲ. “ಬಟ್ಟೆ ಯಾಕಪ್ಪಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ, ಮಂತ್ರಿಗಳ ಎಲೆಗೆ ತುಪ್ಪ ಬಿತ್ತೋ ಇಲ್ಲವೋ ನೋಡಲು ಹೋದ.

ಮಾಲತೇಶಪ್ಪ ಖಾಲಿ ಶೆಡ್ಡಿನಲ್ಲಿ ಒಬ್ಬನೇ ಉಳಿದ. ಮೂಲೆಯಲ್ಲಿ ಮುಂದಿನ ಉದ್ಘಾಟನೆಗೆ ಮಗ್ಗಗಳಿಗೆ ಬಳಿಯುವ ಕೆಂಪು ಪೇಂಟಿನ ಡಬ್ಬಿಗಳು ಆಗಲೇ ಬಂದು ಕೂತಿದ್ದವು. ಅವನಿಗೆ ಸಿಟ್ಟು ಬಂತು. ಸಾಹುಕಾರನ ಮೇಲೆ, ಮಂತ್ರಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಇಸ್ತ್ರಿ ಮಾಡಿಸಿದ ತನ್ನ ಅಂಗಿಯ ಮೇಲೆ. ತಲೆ ಎತ್ತಿ ನೋಡಿದ. ಕೊಟ್ರವ್ವನ ಮೈಮೇಲೆ ಏರಿಸಿದ ನೂಲು ಹಾಗೇ ಇತ್ತು. ಒಂದು ಪಾಳಿಗೆ ಸಾಕಾಗುವಷ್ಟು.

ಬಾಗಿಲ ಕಡೆಗೆ ಬೆನ್ನು ಹಾಕಲಿಲ್ಲ, ಬಾಗಿಲಿಗೆ ಎದುರಾಗಿಯೇ ನಿಂತು ಬಟನ್ ಒತ್ತಿದ. ಒದ್ದ. ಕಣ್ಣಿಗೊತ್ತಿಕೊಂಡ. ಮಗ್ಗ ಎದ್ದು ಶೆಡ್ಡಿನ ತಗಡೆಲ್ಲ ನಡುಗಿತು. ಗೇಣು ಬಟ್ಟೆ ಮೊಳವಾಯಿತು, ಮೊಳ ಗಜವಾಯಿತು.

ಕೈಯಲ್ಲಿ ಅರ್ಧ ತಿಂದ ಹೋಳಿಗೆ ಹಿಡಿದು ಕರಿಬಸವರಾಜ ಬಾಗಿಲಿಗೆ ಓಡಿಬಂದ. ಹಿಂದೆ ಅಧಿಕಾರಿ, ಅವನ ಹಿಂದೆ ನಾಲ್ಕಾರು ಮಂದಿ. ಸಾಹುಕಾರನ ಬಾಯಿ ಜೋರಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮಗ್ಗದ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ಆದರೆ ಮಾಲತೇಶಪ್ಪ ತುಟಿ ಓದಿದ.

“ಬಂದ್ ಮಾಡೋ ಮಾರಾಯಾ! ಕರೆಂಟ್ ಬಿಲ್ ಬರ್ತೈತೆ! ಇದೇನ್ ಫ್ಯಾಕ್ಟ್ರಿ ಅಂದ್ಕೊಂಡಿಯಾ?”

ಮಾಲತೇಶಪ್ಪ ಕಿವಿ ತೋರಿಸಿ, ಕೇಳಿಸುತ್ತಿಲ್ಲ ಎಂದು ಕೈ ಆಡಿಸಿದ. ಲಾಳಿಯಲ್ಲಿ ನೂಲು ಮುಗಿದಿತ್ತು. ಇನ್ನೊಂದು ಲಾಳಿ ತುಂಬಿ ಹಾಕಿದ.