ಮತ್ತೆ ಮೊದಲ ಮನೆಯಿಂದ

ನನಗೆ ಮೈ ಉರಿದದ್ದು ಕಂಪ್ಯೂಟರ್ ಹೆಣಗುತ್ತಿದ್ದುದಕ್ಕಲ್ಲ. ಹೆಣಗುತ್ತದೆ ಎಂದು ನಾನು ಮೊದಲೇ ಬಡಕೊಂಡಿದ್ದೆ.

ನಾನು ಕಂಪ್ಯೂಟರ್ ನೋಡಿಕೊಳ್ಳುವ ಗಂಗಾವತಿಯ ಬೀಜದ ಗೋದಾಮಿನಲ್ಲಿ ಭತ್ತದ ಪ್ರತಿ ಚೀಲಕ್ಕೂ ತಳಿ, ಮೊಳಕೆಯ ಪ್ರಮಾಣ ಬರೆದ ಚೀಟಿ ಹೊಲಿಯಬೇಕು. ಚೀಲಗಳ ಪಟ್ಟಿ ಒಂದು ಕಡೆ, ಪರೀಕ್ಷೆಯ ಫಲಿತಾಂಶ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಚೀಟಿಯ ರೂಪಕ್ಕೆ ತರುವ ಪ್ರೋಗ್ರಾಮನ್ನು, ಅಂದರೆ ಸ್ಟೈಲ್‌ಶೀಟನ್ನು, ಸಾಹುಕಾರ ಶರಣಕುಮಾರರ ಅಳಿಯ ಬರೆದಿದ್ದ. ಲೂಪಿನೊಳಗೆ ಲೂಪು, ಸುತ್ತಿನೊಳಗೆ ಸುತ್ತು. ಒಂದೊಂದು ಚೀಲಕ್ಕೂ ಅದು ಫಲಿತಾಂಶಗಳನ್ನೆಲ್ಲ ಮೊದಲಿನಿಂದ ತಡಕುತ್ತಿತ್ತು.

"ಮದುವಿ ಕಾರ್ಡ್ ಹಂಚಾಕ ಹೋಗಿ, ಒಂದೊಂದು ಕಾರ್ಡಿಗೂ ಊರ ಮೊದಲನೇ ಮನಿಯಿಂದ ಬಾಗಿಲು ಬಡಕೊಂತ ಹೋದಂಗ ಐತ್ರಿ ಇದು," ಎಂದು ಸಾಹುಕಾರರಿಗೆ ಹೇಳಿದ್ದೆ. "ಈ ಸಲ ಚೀಲಾನೂ ದುಪ್ಪಟ್ಟು, ಪರೀಕ್ಷಾನೂ ದುಪ್ಪಟ್ಟು. ಹೊತ್ತು ನಾಲ್ಕು ಪಟ್ಟು ಹಿಡಿತೈತಿ. ಸೀದಾ ಬೇಕಾದ ಮನಿಗೇ ಹೋಗೂ ಹಂಗ ನಾ ಬ್ಯಾರೇದು ಬರದೀನಿ, ನೋಡ್ರಿ."

"ದುಪ್ಪಟ್ಟು ಚೀಲಕ್ಕ ದುಪ್ಪಟ್ಟು ಹೊತ್ತು, ಅಫ್ಸಾನಾ. ನನಗ ಲೆಕ್ಕ ಕಲಸಬ್ಯಾಡ. ನಡಿಯೂದನ್ನ ಮುಟ್ಟಬ್ಯಾಡ." ಹೀಗೆಂದವರು ಹೊಸ ಕಂಪ್ಯೂಟರ್ ತರಿಸಿದರು. ಹಳೆಯದು ಮೇಜಿನ ಕೆಳಗೆ ಧೂಳು ತಿನ್ನತೊಡಗಿತು.

ಕಾಲುವೆಗೆ ನೀರು ಬಂತು. ರೈತರು ಬೀಜಕ್ಕೆ ಬಾಗಿಲಲ್ಲಿ ನಿಂತರು. ಇಡೀ ಪಟ್ಟಿ ತಡಕಿ ಮುಗಿಯದೆ ಅಳಿಯನ ಸ್ಟೈಲ್‌ಶೀಟ್ ಚೀಟಿ ಕೊಡದು; ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೂ ಹೊರಬರಲಿಲ್ಲ. ಚೀಟಿ ಹೊಲಿಯುವ ಹೆಂಗಸರಿಗೆ ಚೀಲದ ಲೆಕ್ಕದ ಕೂಲಿ. ಅವರೆಲ್ಲ ಸೂಜಿ ಹಿಡಿದು ಸುಮ್ಮನೆ ಕೂತಿದ್ದರು.

ಸಾಹುಕಾರರು ಎಲ್ಲರೆದುರು ನನ್ನ ಕಡೆ ಕೈ ತೋರಿಸಿದರು. "ಇಕಿ ಕೈಯಾಡಿಸಿ ಕೆಡಿಸ್ಯಾಳ. ನಾಳಿಂದ ಬರಬ್ಯಾಡ ನೀನು."

"ನಮ್ಮ ಹೊಟ್ಟಿ ಮ್ಯಾಲ ಹೊಡದ್ಯಲ್ಲವ್ವಾ," ಎಂದಳು ಹೊಲಿಯುವವರಲ್ಲಿ ಹಿರಿಯಳಾದ ಮಾಳವ್ವ.

ಸಾಹುಕಾರರ ಮಾತು ಕಿವಿಗೆ ಬಿದ್ದಿತ್ತು, ಅವಳದು ಎದೆಗೇ ಬಿತ್ತು. ಯಾರ ತಪ್ಪಿಗೆ ಯಾರು ಬೈಸಿಕೊಳ್ಳಬೇಕು? ಮೇಜಿನ ಕೆಳಗಿನ ಹಳೆಯ ಕಂಪ್ಯೂಟರನ್ನು ಎಳೆದು, ಧೂಳು ಒರೆಸದೆ ಚಾಲೂ ಮಾಡಿದೆ. ಪಟ್ಟಿ, ಫಲಿತಾಂಶ ಎರಡನ್ನೂ ಅದಕ್ಕೆ ಹಾಕಿ, ಪ್ರಿಂಟರಿನ ವೈರನ್ನು ಸಿಕ್ಕಿಸಿ, ನನ್ನ ಸ್ಟೈಲ್‌ಶೀಟ್ ಓಡಿಸಿದೆ.

ಮಾಳವ್ವ ಹಾಕಿಕೊಂಡ ಎಲೆ ಅಡಿಕೆ ಇನ್ನೂ ಬಾಯಲ್ಲಿರುವಾಗಲೇ ಪ್ರಿಂಟರ್ ಚೀಟಿ ಉಗುಳತೊಡಗಿತು.

ಬಾಗಿಲಲ್ಲಿ ರೈತರನ್ನು ಸಮಾಧಾನ ಮಾಡುತ್ತಿದ್ದ ಸಾಹುಕಾರರು ಪ್ರಿಂಟರಿನ ಸದ್ದಿಗೆ ಓಡಿ ಬಂದರು. "ನೋಡಿದ್ಯಾ? ರೊಕ್ಕ ಸುರದಿದ್ದಕ್ಕ ಹೊಸಾದು ಕಡೀಕೂ ಮಾಡ್ತು!"

"ಇದು ಹಳೇದ್ರಿ, ಸಾವ್ಕಾರ್ರ. ನಿಮ್ಮ ಹೊಸಾದು ಇನ್ನೂ ಬಾಗಿಲು ಬಡ್ಯಾಕತ್ತೈತಿ."

ಅವರ ಮುಖ ನೋಡಲು ನಾನು ನಿಲ್ಲಲಿಲ್ಲ. ಚೀಟಿಗಳ ಕಟ್ಟನ್ನು ಮಾಳವ್ವನ ಮಡಿಲಿಗೆ ಹಾಕಿ ಚಪ್ಪಲಿ ಮೆಟ್ಟಿದೆ.

"ಏ ಅಫ್ಸಾನಾ, ಎಲ್ಲಿಗೆ? ನಾಳಿ ಇನ್ನೊಂದು ಲಾಟ್ ಚೀಲ ಬರೂದೈತಿ!"

"ನಾಳಿಂದ ಬರಬ್ಯಾಡ ಅಂದ್ರಲ್ಲಾ. ನನ್ನ ಸ್ಟೈಲ್‌ಶೀಟ್ ಹಳೇದ್ರಾಗ ಐತಿ, ಈ ಹೆಣ್ಮಕ್ಕಳ ಕೂಲಿಗಂತ ಬಿಟ್ಟೀನಿ. ಹೆಂಗ ನಡೀತೈತಿ ಅಂತ ನಿಮ್ಮ ಅಳಿಯಾರನ್ನ ಕೇಳ್ರಿ."