ಬೊಗಸೆಯ ಶಾಟ್

ನಿರ್ದೇಶಕ ಗೌತಮನಿಗೆ ಒಂದು ಚಟವಿತ್ತು. ಪ್ರತಿ ಶಾಟ್ ಮುಗಿದ ಮೇಲೆ ನಟರ ಪಕ್ಕ ಕುಕ್ಕರಗಾಲಲ್ಲಿ ಕೂತು, "ಒಳಗ ಏನ್ ನಡದಿತ್ತು?" ಎಂದು ಕೇಳುವುದು. ಮಾನ್ವಿಯ ಹನುಮೇಶನನ್ನಂತೂ ಎರಡು ತಿಂಗಳು ರಾಯಚೂರಿನ ಬಾಡಿಗೆ ಹಾಲ್‌ನಲ್ಲಿ ಕೂರಿಸಿಕೊಂಡು ಗೌಡನ ಪಾತ್ರಕ್ಕೆ ಹದ ಮಾಡಿದ್ದ. ಹನುಮೇಶ ದಿನಾ ಬುತ್ತಿ ತರುತ್ತಿದ್ದ. ಗೌತಮನ ಮನೆಯಿಂದ ಬಂದ ಚಹಾ ಮಾತ್ರ ಮುಟ್ಟುತ್ತಿರಲಿಲ್ಲ. "ಹೊಟ್ಟಿ ಸೂಕ್ಷ್ಮ ಅದರೀ ಸರ್" ಎನ್ನುತ್ತಿದ್ದ. ಎಂಥ ಶಿಸ್ತಿನ ನಟ ಎಂದು ಗೌತಮ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಪೆದ್ದ!

ಶೂಟಿಂಗ್ ಗಬ್ಬೂರಿನಲ್ಲಿ. ಊರಾಚೆಯ ಕೇರಿಯ ಮುದುಕಿಯ ಪಾತ್ರಕ್ಕೆ ತನ್ನ ದೊಡ್ಡವ್ವ ಬಸ್ಸಮ್ಮನನ್ನೇ ಕಾಡಿಬೇಡಿ ದೇವದುರ್ಗದಿಂದ ಕರೆತಂದಿದ್ದ. ಸೆಟ್ಟಿನಲ್ಲಿ ಸಂಬಂಧದ ಮಾತು ಬೇಡವೆಂದು, ಆಕೆ ತನಗೇನಾಗಬೇಕೆಂಬುದನ್ನು ಯಾರಿಗೂ ಹೇಳಿರಲಿಲ್ಲ. ಕತೆ ಇಷ್ಟೇ: ಮುದುಕಿ ನೀರು ಕೊಡಬಂದಾಗ ಹೇಸಿ ಮುಖ ತಿರುಗಿಸಿದ ಗೌಡ, ಕೊನೆಗೊಂದು ದಿನ ಅವಳೆದುರು ಬೊಗಸೆಯೊಡ್ಡಿ ಕುಡಿಯುತ್ತಾನೆ. ಆ ಒಂದು ಬೊಗಸೆಗಾಗಿ ಗೌತಮ ಆರು ವರ್ಷ ಕಂಡಕಂಡವರ ಬಾಗಿಲು ತಟ್ಟಿದ್ದ.

ಹೇಸುವ ಶಾಟ್ ಒಂದೇ ಟೇಕಿಗೆ ಮುಗಿಯಿತು. ಹನುಮೇಶನ ಮೂಗಿನ ಹೊಳ್ಳೆ ಬಿಗಿದು, ತುಟಿ ಸೊಟ್ಟಗಾದದ್ದನ್ನು ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಗೌತಮ ಓಡಿಹೋಗಿ ಅವನ ಬೆನ್ನು ಚಪ್ಪರಿಸಿದ.

"ಒಳಗ ಏನ್ ನಡದಿತ್ತೋ? ಯಾವುದನ್ನ ನೆನಸಿದಿ?"

"ಏನೂ ನೆನಸಲಿಲ್ರೀ ಸರ್," ಹನುಮೇಶ ನಕ್ಕ. "ಆಕಿನ್ನ ನೋಡಿದೆ, ಅಷ್ಟ."

ಎರಡು ತಿಂಗಳ ಆ ಬುತ್ತಿ, ಮುಟ್ಟದೆ ಆರಿಹೋದ ಆ ಚಹಾ, ಎಲ್ಲ ಗೌತಮನಿಗೆ ಒಮ್ಮೆಲೇ ಅರ್ಥವಾದವು. ಬೆನ್ನು ಚಪ್ಪರಿಸಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮಧ್ಯಾಹ್ನ ಬೊಗಸೆಯ ಶಾಟ್. ಹನುಮೇಶ ಅವನನ್ನು ಬೇವಿನ ಗಿಡದ ಮರೆಗೆ ಕರೆದ.

"ಸರ್, ಸೀಲ್ ಬಾಟ್ಲಿ ನೀರು ಹಾಕಿಸ್ರಿ. ತಂಬಗಿನೂ ಹೊಸಾದು ತರ್ಸ್ರಿ. ಇಲ್ಲಾಂದ್ರ ನನಗ ಕುಡಿಯಾಕ ಆಗಂಗಿಲ್ಲ. ಹೊಟ್ಟಿ..."

"ಸೂಕ್ಷ್ಮ ಅದ. ಗೊತ್ತದ."

ಸೆಟ್ಟಿನಿಂದ ಆಚೆಗೆ ನಡಿ ಎನ್ನಬೇಕಿತ್ತು. ಆದರೆ ಹನ್ನೊಂದು ದಿನದ ಚಿತ್ರೀಕರಣದ ತುಂಬ ಅದೇ ಮುಖವಿತ್ತು. ಅವನು ಹೋದರೆ ಸಿನಿಮಾವೇ ಹೋಗುತ್ತಿತ್ತು. ಗೌತಮ ಹೊಸ ತಂಬಿಗೆ ತರಿಸಿದ. ಬಾಟಲಿಯ ಮುಚ್ಚಳ ತಿರುವಿ ತಾನೇ ನೀರು ಸುರಿದ. ಬಸ್ಸಮ್ಮ ಗಿಡದ ಆಚೆ ನಿಂತು ನೋಡುತ್ತಿದ್ದಳು.

ಶಾಟ್ ಅದ್ಭುತವಾಗಿ ಬಂತು. ಹನುಮೇಶ ಬೊಗಸೆಯೊಡ್ಡಿ ಗಟಗಟ ಕುಡಿದ, ಹೇಳಿದ ಗಳಿಗೆಗೇ ಕಣ್ಣೀರೂ ಇಳಿಯಿತು. ಕ್ಯಾಮೆರಾದ ಜಹೀರುದ್ದೀನ್ ಮೂಗೊರೆಸಿಕೊಂಡ. ಹನುಮೇಶನ ಮೇಲಿನ ಹೇಸಿಕೆಯೇ ದೊಡ್ಡದೆಂದು ಗೌತಮ ಅಂದುಕೊಂಡಿದ್ದ. "ಓಕೆ" ಎಂದ ತನ್ನ ದನಿ ಕೇಳಿದಾಗ ಅದಕ್ಕಿಂತ ದೊಡ್ಡದು ತನ್ನ ಮೇಲೇ ಹುಟ್ಟಿತು. ಈ ಸಲ ಅವನು ನಟನ ಬಳಿ ಹೋಗಲಿಲ್ಲ.

ಬಸ್ಸಮ್ಮನೇ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಎಲ್ಲಾರನ್ನೂ ಕೇಳ್ತಿ ಯಪ್ಪಾ, ಇವತ್ತ ನಾ ಕೇಳ್ತೀನಿ. ಆ ಬಾಟ್ಲಿ ನೀರು ಸುರಿವಾಗ ನಿನ್ನ ಒಳಗ ಏನ್ ನಡದಿತ್ತು?"

ಆಕೆ ಹೊಸ ತಂಬಿಗೆಯನ್ನು ಅವನ ಕೈಗಿಟ್ಟಳು. ತನ್ನ ಹಳೆಯದರಲ್ಲಿ ನಳದ ನೀರು ತುಂಬಿಕೊಂಡು ಕುಡಿದಳು. ನಿನಗೂ ಬೇಕೇನೆಂದು ಮಾತ್ರ ಕೇಳಲಿಲ್ಲ.